ಇಬ್ಬರಿಗೆ ಒಂದೇ ಜೊತೆ ಬೂಟು

ಹತ್ತು ವರ್ಷದವಳಿದ್ದಾಗ ವರ್ಲಾ ಕೂಂಬ್ಸ್ ತನ್ನ ಚಿಕ್ಕಮ್ಮ ಓರ್ಫಾಗೆ ಒಂದು ಮಾತು ಕೊಟ್ಟಿದ್ದಳು: "ನಿನ್ನದೂ ಅಮ್ಮನದೂ ಬೂಟಿನ ಕಥೆ ಇರೋ ಪುಸ್ತಕಾನ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ. ಇದ್ದದ್ದು ಇದ್ದ ಹಾಗೇ ಇರುತ್ತೆ."

ಈಗ ವರ್ಲಾ ಅವರಿಗೆ ಅರವತ್ತೊಂದು. ಬೆಳಗಿನ ಐದು ಗಂಟೆ. ಕೆಂಟಕಿಯ ಡ್ರೈ ಫೋರ್ಕ್ ಕಣಿವೆಯಿಂದ ಮಂಜು ಇನ್ನೂ ಎದ್ದಿಲ್ಲ. ಸಂಚಾರಿ ಗ್ರಂಥಾಲಯದ ವ್ಯಾನಿಗೆ ಚಾಲಕಿಯೂ ಇವರೇ, ಪುಸ್ತಕ ಕೊಡುವವರೂ ಇವರೇ. ಒಳಗೆ ಕೂತು, ಆ ಬೂಟಿನ ಪುಸ್ತಕದ ಹತ್ತೊಂಬತ್ತನೇ ಪುಟದ ಚಿತ್ರದಲ್ಲಿರುವ ಹುಡುಗಿಯ ಬೂಟನ್ನು ಬಿಳಿ ಬಣ್ಣ ಬಳಿದು ಅಳಿಸುತ್ತಿದ್ದಾರೆ. ಒಣಗಿದ ಮೇಲೆ ಪೆನ್ಸಿಲಿನಿಂದ ಕಾಲ್ಬೆರಳು. ದಿನಕ್ಕೆ ಹನ್ನೆರಡು ಪ್ರತಿ. ಆಮೇಲೆ ತೊಂಬತ್ತು ಮೈಲಿ ಗುಡ್ಡದ ದಾರಿ, ಹದಿನಾಲ್ಕು ನಿಲುಗಡೆ.

ಕಥೆ ಕಲ್ಲಿದ್ದಲ ಗಣಿ ಮುಚ್ಚಿದ ಕಾಲದ್ದು. ಮನೆಯಲ್ಲಿ ಇಬ್ಬರು ಹುಡುಗಿಯರು, ಒಂದೇ ಜೊತೆ ಬೂಟು. ಸೋಮ, ಬುಧ, ಶುಕ್ರ ಅಕ್ಕ ಡೆಸಿ ಶಾಲೆಗೆ; ಮಂಗಳ, ಗುರು ತಂಗಿ ಓರ್ಫಾ. ಬೂಟು ಮೆಟ್ಟಿ ಹೋದವಳು ಉಳಿದವಳಿಗೆ ಪಾಠ ಹೊತ್ತು ತರಬೇಕು. ಆ ಡೆಸಿಯ ಮಗಳೇ ವರ್ಲಾ.

ಅವರು ಮಕ್ಕಳಿಗೆಂದು ಬರೆದ ಈ ಕಥೆಯನ್ನು ಗ್ರಂಥಾಲಯ ನೂರಿಪ್ಪತ್ತು ಪ್ರತಿ ಅಚ್ಚು ಹಾಕಿಸಿತು. ಚಿತ್ರ ಬರೆದವನು ಪೇಟೆಯ ಹುಡುಗ. ಮೆಟ್ಟಿಲ ಮೇಲೆ ಅಕ್ಕನ ದಾರಿ ಕಾಯುವ ಓರ್ಫಾಳ ಕಾಲಿಗೂ ಚೆಂದದ ಬೂಟು ತೊಡಿಸಿಬಿಟ್ಟ.

"ಪಾಪ, ಮಗೂನ ಬರಿಗಾಲಲ್ಲಿ ಕೂರಿಸೋಕೆ ಅವನಿಗೆ ಮನಸ್ಸು ಬಂದಿಲ್ಲ," ವರ್ಲಾ ನಗುತ್ತಾರೆ. "ಆದ್ರೆ ಇಬ್ಬರಿಗೂ ಬೂಟಿದ್ರೆ ಕಥೆ ಎಲ್ಲಿ ಉಳೀತು? ಇಬ್ಬರೂ ಶಾಲೆಗೆ ಹೋದ್ರು, ಬಂದ್ರು, ಅಷ್ಟೇ."

ಸುದ್ದಿ ಕೇಳಿದ ತೊಂಬತ್ನಾಲ್ಕರ ಓರ್ಫಾ ನಗಲಿಲ್ಲ. "ನನಗೆ ಬೂಟು ಹಾಕಿದ ಪುಸ್ತಕ ನನ್ನ ಹೊಸ್ತಿಲು ದಾಟೋದು ಬೇಡ" ಎಂದು ಹೇಳಿ ಕಳಿಸಿದರು. ಅಂದಿನಿಂದ ಶುರುವಾಯಿತು ಈ ಬೆಳಗಿನ ಕೆಲಸ.

ಮೂರನೇ ನಿಲುಗಡೆಯಲ್ಲಿ ಪುಟ್ಟಿಯೊಬ್ಬಳು ಕೇಳುತ್ತಾಳೆ, "ಇವಳ್ಯಾಕೆ ಬರಿಗಾಲಲ್ಲಿದ್ದಾಳೆ?"

"ಇವತ್ತು ಬುಧವಾರ ಕಣೇ, ಅದಕ್ಕೆ."

ಹುಡುಗಿ ಗುರುವಾರದ ಪುಟ ಹುಡುಕುತ್ತಾ ಇಳಿದುಹೋಗುತ್ತಾಳೆ.

ಇಂದು ಹತ್ತನೇ ದಿನ. ನೂರಿಪ್ಪತ್ತನೇ ಪ್ರತಿ ಕೊನೆಯ ನಿಲುಗಡೆಯಲ್ಲಿರುವ ಓರ್ಫಾ ಅವರದು. ಒಲೆಯ ಮೇಲೆ ಹುರುಳಿಕಾಯಿ ಬೇಯುತ್ತಿದೆ, ಮೆಕ್ಕೆಜೋಳದ ರೊಟ್ಟಿ ಮುಚ್ಚಿಟ್ಟಿದೆ. ಅಜ್ಜಿ ಭೂತಗನ್ನಡಿ ಹಿಡಿದು ಹತ್ತೊಂಬತ್ತನೇ ಪುಟದ ಮೇಲೆ ಬಾಗುತ್ತಾರೆ. ವರ್ಲಾ ಕೂರದೆ ಬಾಗಿಲಲ್ಲೇ ನಿಂತಿದ್ದಾರೆ.

"ಎಡಗಾಲಿಗೆ ಆರು ಬೆರಳು ಹಾಕಿದ್ದೀಯಲ್ಲೇ."

"ಅಯ್ಯೋ, ನಿದ್ದೆಗಣ್ಣು ಚಿಕ್ಕಮ್ಮ. ಕೊಡು, ಅಳಿಸಿ ಕೊಡ್ತೀನಿ."

"ಮುಟ್ಟಬೇಡ. ನೀನು ಕೊಟ್ಟಿದ್ದು ಬೂಟಿನ ಮಾತು, ಬೆರಳಿನದ್ದಲ್ಲ." ಅಜ್ಜಿ ಪುಸ್ತಕವನ್ನು ಅಕ್ಕನ ಫೋಟೋದ ಪಕ್ಕ ನಿಲ್ಲಿಸುತ್ತಾರೆ. "ಮಿಕ್ಕ ನೂರಹತ್ತೊಂಬತ್ತರಲ್ಲಿ ನನಗೆ ಎಷ್ಟೆಷ್ಟು ಬೆರಳೋ ದೇವರೇ ಬಲ್ಲ. ಒಳಗೆ ಬಾ, ರೊಟ್ಟಿ ಆರುತ್ತೆ."

ಐವತ್ತೊಂದು ವರ್ಷದ ಮೇಲೆ ವರ್ಲಾ ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ.