ಒಂಬತ್ತು ಮೊಳೆ, ಒಂಬತ್ತು ಟೋಪಿ

ಮಧ್ಯಾಹ್ನ ಎರಡೂವರೆಗೆ ಇರ್ಯಾ ಪೆಲ್ಕೊನೆನ್ ಅಂಚೆ ಹಂಚುವ ಕೆಲಸ ಮುಗಿಸಿ ಮನೆಗೆ ಬಂದಳು. ಬೂಟು ಬಿಚ್ಚದೆ ಹಿಂಬಾಗಿಲ ಪಕ್ಕದ ಗೋಡೆಯ ಮುಂದೆ ನಿಂತಳು. ಗೋಡೆಯಲ್ಲಿ ಒಂಬತ್ತು ಮೊಳೆ, ಒಂಬತ್ತು ಟೋಪಿ. ಹೊರಗೆ ನವೆಂಬರ್ ಹದಿನಾಲ್ಕರ ಬಿಸಿಲು. ಹತ್ತು ದಿನದಿಂದ ಕಟ್ಟಿದ್ದ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಆದರೆ ಆ ಒಂಬತ್ತರಲ್ಲಿ ಅವಳು ಇವತ್ತು ಹಾಕಿಕೊಳ್ಳಬಹುದಾದ್ದು ಒಂದೇ ಟೋಪಿ, ಅದೂ ಎಲ್ಲಕ್ಕಿಂತ ದಪ್ಪನೆಯದು.

"ಥೂ ನಿನ್ನ," ಎಂದು ಟೋಪಿಗೇ ಬೈದು, ಮೊಳೆಯಿಂದ ಕಿತ್ತುಕೊಂಡಳು.

ಸುಪೀರಿಯರ್ ಸರೋವರದ ದಂಡೆಯ ಈ ಮಿಶಿಗನ್ ಕಾಡಿನಲ್ಲಿ ಅಕ್ಟೋಬರ್ ಒಂದರಿಂದ ಬಿಲ್ಲಿನ ಬೇಟೆ. ನವೆಂಬರ್ ಹದಿನೈದಕ್ಕೆ ಕೋವಿ ಬೇಟೆ ಶುರು. ಪೆಲ್ಕೊನೆನ್ ಮನೆತನದ ನಲವತ್ತು ಎಕರೆಯಲ್ಲಿ ಬಿಲ್ಲಿಗೆ ಒಪ್ಪುವ ಅಟ್ಟಣೆ ಒಂದೇ, ತೊರೆಯ ತಿರುವಿನ ಸೀಡರ್ ಮರದ ಮೇಲೆ. ಅದಕ್ಕೆ ಇರ್ಯಾಳ ಅಪ್ಪ ಒಂದು ನಿಯಮ ಮಾಡಿಟ್ಟು ಸತ್ತಿದ್ದ: ಬಿಲ್ಲಿನ ಕಾಲದಲ್ಲಿ ಸಾಲಾಗಿ ಮೂರು ವರ್ಷ ಬರಿಗೈಯಲ್ಲಿ ಇಳಿದವರು ಸೀಡರ್ ಬಿಟ್ಟು ಜೌಗಿನ ಅಂಚಿಗೆ ಹೋಗಬೇಕು, ಸರದಿಯಲ್ಲಿರುವ ಮುಂದಿನವರು ಹತ್ತಬೇಕು. ಜೌಗಿನ ಅಂಚಿನಲ್ಲಿ ಸೊಳ್ಳೆ ಇವೆ, ಜಿಂಕೆ ಇಲ್ಲ. ಎಂಟು ವರ್ಷದ ಹಿಂದೆ ಇದೇ ನಿಯಮದಂತೆ ಇರ್ಯಾಳ ಅಣ್ಣ ತೌನೊ ಇಳಿದಿದ್ದ, ಅವಳು ಹತ್ತಿದ್ದಳು. ಈಗ ಸರದಿಯಲ್ಲಿ ನಿಂತಿರುವುದು ತೌನೊನ ಮಗಳ ಗಂಡ ಡ್ಯಾರಿಲ್. ಇರ್ಯಾಳದು ಎರಡು ವರ್ಷ ಖಾಲಿ ಹೋಗಿತ್ತು. ಮೂರನೆಯದು ಆ ಸಂಜೆ ಕತ್ತಲಾದರೆ ಮುಗಿಯುತ್ತಿತ್ತು.

ಅವಳಿಗೆ ಐವತ್ತಾರು. ಮೂವತ್ತು ವರ್ಷ ಅಂಚೆ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದವಳು, ಯಾವ ಗಾಳಿಗೆ ಯಾವ ಟೋಪಿ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಎಲ್ಲರೂ ಹೇಳುತ್ತಾರೆ. ಎರಡೂ ವರ್ಷ ಬೇಟೆ ತಪ್ಪಿದ್ದು ಟೋಪಿಯಿಂದ ಎಂದು ಅವಳೇ ಒಮ್ಮೆ ಅಂಚೆ ಕಚೇರಿಯಲ್ಲಿ ಬಾಯಿಬಿಟ್ಟಿದ್ದಳು. ಅದು ಊರೆಲ್ಲ ಹಬ್ಬಿತು. ಆಮೇಲೆ ಮನೆಮನೆಯವರು ರಸ್ತೆಬದಿಯಲ್ಲಿ ನಿಲ್ಲಿಸಿದ ಅಂಚೆಪೆಟ್ಟಿಗೆ ತೆರೆದರೆ ಕಳಿಸಬೇಕಾದ ಕಾಗದದ ಜೊತೆ ಅವಳಿಗೆಂದು ಒಂದು ಟೋಪಿ ಇರುತ್ತಿತ್ತು. ಗೋಡೆಯ ಮೇಲಿನ ಒಂಬತ್ತರಲ್ಲಿ ಐದು ಹಾಗೆ ಬಂದವು.

ಮೊದಲ ವರ್ಷ ತಪ್ಪಿಸಿದ್ದು ಮುಂಚಾಚು ಇರುವ ಬಟ್ಟೆಯ ಟೋಪಿ. ತುಂತುರು ಮಳೆಯಿತ್ತು, ಕನ್ನಡಕಕ್ಕೆ ನೀರು ಬೀಳದಿರಲಿ ಎಂದು ಹಾಕಿದ್ದಳು. ಹೆದೆಯನ್ನು ಪೂರ್ತಿ ಎಳೆದು ಕೆನ್ನೆಗೆ ತಂದಾಗ ಅದು ಮುಂಚಾಚಿಗೆ ಒತ್ತಿಕೊಂಡಿತು. ಬಿಟ್ಟ ಕೂಡಲೇ ಟೋಪಿ ಹಾರಿ ತೊರೆಗೆ ಬಿತ್ತು, ಬಾಣ ಮಣ್ಣಿಗೆ ಹೊಕ್ಕಿತು, ಜಿಂಕೆ ಎರಡನ್ನೂ ನೋಡಿ ಹೋಯಿತು. ಮುಂಚಾಚನ್ನು ಹಿಂದಕ್ಕೆ ತಿರುಗಿಸಿ ಹಾಕಿಕೋ ಎಂದು ಡ್ಯಾರಿಲ್ ಬುದ್ಧಿ ಹೇಳಿದ. ಹಾಗೆ ಹಾಕಿಕೊಂಡು ಒರಗಿದರೆ ಅದು ಬೆನ್ನ ಹಿಂದಿನ ಮರಕ್ಕೆ ಟಕ್ಕೆಂದು ಬಡಿಯುತ್ತದೆ, ಮಳೆ ನೇರ ಕತ್ತಿನೊಳಗೆ ಇಳಿಯುತ್ತದೆ. ಎರಡನೇ ವರ್ಷ ಮಳೆಯಂಗಿಯ ಮುಸುಕು ಹಾಕಿದಳು. ಮುಸುಕಿನ ಮೇಲೆ ಹನಿ ಬೀಳುವ ಸದ್ದು ತಗಡಿನ ಮನೆಯೊಳಗೆ ಕೂತಂತಿತ್ತು. ಜಿಂಕೆ ಹಿಂದಿನಿಂದ ಬಂದು, ಮರದ ಬುಡದಲ್ಲಿ ಮೇದು, ಹೋಗಿತ್ತು. ಹೆಜ್ಜೆ ನೋಡಿದ್ದು ಅವಳು ಕೆಳಗಿಳಿದ ಮೇಲೆ.

ಈ ವರ್ಷ ನವೆಂಬರ್ ಮೊದಲ ಭಾನುವಾರ, ಚಳಿ ಕಚ್ಚುತ್ತಿದ್ದಾಗ, ಅವಳು ಒಂಬತ್ತೂ ಟೋಪಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹಿತ್ತಿಲಿಗೆ ಹೋದಳು. ಹುಲ್ಲಿನ ಪಿಂಡಿಗೆ ಕಾಗದ ಅಂಟಿಸಿ, ಇಪ್ಪತ್ತು ಗಜ ಅಳೆದು, ಪ್ರತಿ ಟೋಪಿಗೆ ಮೂರು ಬಾಣದಂತೆ ಬಿಟ್ಟಳು. ಒಂದು ಹುಬ್ಬಿನ ಮೇಲೆ ಜಾರಿತು. ಒಂದು ಮುಖ ಮುಚ್ಚುವ ಬಲೆ, ಉಸಿರು ಕನ್ನಡಕಕ್ಕೆ ಕಟ್ಟಿತು. ಒಂದನ್ನು ಹಬೆಸ್ನಾನದ ಕೋಣೆಯಾದ ಸೌನಾದ ಬಿಸಿಯಲ್ಲಿ ಒಣಗಿಸಿದ್ದರಿಂದ ಬರ್ಚ್ ಕಟ್ಟಿಗೆಯ ಹೊಗೆ ನಾರುತ್ತಿತ್ತು. ಹೀಗೆ ಎಂಟೂ ಸೋತು, ಕೊನೆಗೆ ಉಳಿದದ್ದು ಎಂಬತ್ತೊಂದು ವರ್ಷದ ಸೈಮಿ ಚಿಕ್ಕಮ್ಮ ಹೆಣೆದದ್ದು. ದಪ್ಪ ಉಣ್ಣೆ, ಎರಡೂ ಕಿವಿಯ ಮೇಲೆ ಜೋಲುವ ಪಟ್ಟಿ, ಆದರೆ ಕಿವಿಯ ಜಾಗದಲ್ಲಿ ಹೆಣಿಗೆ ಸಡಿಲ, ಎಲೆ ಉದುರಿದರೂ ಕೇಳುತ್ತದೆ. ಚಾಚು ಇಲ್ಲ, ಸದ್ದಿಲ್ಲ. ಇದ್ದ ದೋಷ ಒಂದೇ: ಹೆದೆ ಬಲಗೆನ್ನೆಯ ಪಟ್ಟಿಗೆ ಸವರಿಕೊಂಡು ಹೋಗಿ, ಮೂರೂ ಬಾಣ ಎಡಕ್ಕೆ ಅಂಗೈಯಗಲ ಸರಿದು ಬಿದ್ದವು.

ಮೂರೂ ಒಂದೇ ಕಡೆ ಬಿದ್ದಿದ್ದು ನೋಡಿ ಅವಳಿಗೆ ಹೊಳೆಯಿತು. ತಲೆ ಬದಲಾಯಿಸಲು ಆಗುವುದಿಲ್ಲ, ಟೋಪಿ ಸಾಕಾಗಿದೆ, ಬಿಲ್ಲನ್ನೇ ಟೋಪಿಗೆ ಹೊಂದಿಸಿದರಾಯಿತು. ಬಿಲ್ಲಿನ ಗುರಿ ನೋಡುವ ಪಿನ್ನನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ನಲವತ್ತು ಬಾಣ ಬಿಟ್ಟು, ದಪ್ಪ ಟೋಪಿಯಲ್ಲಿ ಕಾಗದದ ನಟ್ಟನಡುವೆ ಬೀಳುವಂತೆ ಮಾಡಿ ತಿರುಪು ಬಿಗಿದಳು. ಪಿನ್ನು ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಲಿಲ್ಲ. ಇನ್ನು ಅದು ಬೇಕಾಗುವುದಿಲ್ಲ ಎಂದುಕೊಂಡಳು.

ಬೇಲಿಯಾಚೆ ನಿಂತು ಎಲ್ಲ ನೋಡುತ್ತಿದ್ದ ತೌನೊ ಒಂದೇ ಮಾತು ಹೇಳಿದ್ದ.

"ಹವಾಮಾನ ನಿನ್ನ ಟೋಪಿ ನೋಡ್ಕೊಂಡು ಬರಲ್ಲ ಕಣೇ."

"ನವೆಂಬರಲ್ಲಿ ಸೆಖೆ ಬರುತ್ತೇನಣ್ಣ? ಸುಮ್ನೆ ಹೋಗು."

ಹತ್ತು ದಿನ ಚಳಿ ಅವಳ ಮಾತು ಉಳಿಸಿತು. ಚಳಿಯಿತ್ತು, ಟೋಪಿಯಿತ್ತು, ಜಿಂಕೆ ಮಾತ್ರ ಬರಲಿಲ್ಲ. ಹದಿನಾಲ್ಕರ ಬೆಳಗ್ಗೆ ದಕ್ಷಿಣದ ಗಾಳಿ ಬೀಸಿತು. ಮಧ್ಯಾಹ್ನದ ಹೊತ್ತಿಗೆ ದಾರಿಯಲ್ಲಿ ಜನ ಅಂಗಿತೋಳು ಮಡಿಸಿಕೊಂಡಿದ್ದರು. ಪಿನ್ನನ್ನು ಹಿಂದಕ್ಕೆ ತರಲು ಮತ್ತೆ ಮೂವತ್ತು ನಲವತ್ತು ಬಾಣ ಬಿಟ್ಟು ನೋಡಬೇಕು, ಅಷ್ಟರಲ್ಲಿ ಬೆಳಕು ಹೋಗುತ್ತದೆ. ಅಂದಾಜಿಗೆ ಸರಿಸಿದ ಪಿನ್ನಿಗಿಂತ ಸರಿಸದ ಪಿನ್ನೇ ವಾಸಿ. ಹಾಗಾಗಿ ಬೇಸಿಗೆಯಂಥ ಬಿಸಿಲಲ್ಲಿ ಕಿವಿಪಟ್ಟಿಯ ಉಣ್ಣೆ ಟೋಪಿ ಹಾಕಿಕೊಂಡು ಇರ್ಯಾ ಕಾಡಿಗೆ ನಡೆದಳು. ದಾರಿಯಲ್ಲಿ ಗಾಡಿ ನಿಲ್ಲಿಸಿದ ಡ್ಯಾರಿಲ್, ಅತ್ತೆಗೆ ಜ್ವರವೇ ಎಂದು ವಿಚಾರಿಸಿದ. ಅವನ ತಲೆಯ ಮೇಲೆ ಏನೂ ಇರಲಿಲ್ಲ. ಕೂದಲೂ ಅಷ್ಟೇನಿರಲಿಲ್ಲ.

ಮೂರೂವರೆಗೆ ಅಟ್ಟಣೆ ಏರಿದಳು. ನಾಲ್ಕಕ್ಕೆ ಬೆವರು ಕನ್ನಡಕದೊಳಗೆ ಇಳಿಯತೊಡಗಿತು. ಕಣ್ಣಿನ ತೊಂದರೆ ಹೇಗೋ ತಡೆಯಬಹುದು. ಬೆವರಿನ ವಾಸನೆ ಗಾಳಿಯಲ್ಲಿ ತೊರೆಯತ್ತಲೇ ಹೋಗುತ್ತಿತ್ತು, ಜಿಂಕೆ ಬರುವುದೂ ಅತ್ತಲಿಂದಲೇ. ಬೆವರು ಆರುವವರೆಗೆ ಎಂದು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಿಸಿಲು ಮರದ ತುದಿಗೆ ಏರಿದ ಕೂಡಲೇ ಹಾಕಿಕೊಂಡರಾಯಿತು. ಬರುವುದಾದರೆ ಜಿಂಕೆ ಸೂರ್ಯ ಮುಳುಗುವ ಹೊತ್ತಿಗೇ ತಾನೇ ಬರುವುದು.

ಬಂದದ್ದು ನಾಲ್ಕೂಕಾಲಿಗೆ. ಕವಲುಕೊಂಬಿನ ಗಂಡು. ತೊರೆ ದಾಟಿ, ಇಪ್ಪತ್ತು ಗಜಕ್ಕಿಂತ ಹತ್ತಿರ, ಪಕ್ಕೆ ತಿರುಗಿಸಿ ನಿಂತಿತು. ಇರ್ಯಾ ಟೋಪಿಯತ್ತ ಎರಡು ಬೆರಳು ಸರಿಸಿದಳು. ಜಿಂಕೆ ತಲೆಯೆತ್ತಿತು. ಬೆರಳು ನಿಂತಿತು. ಜಿಂಕೆ ತಲೆ ತಗ್ಗಿಸಿತು. ಮತ್ತೆ ಬೆರಳು ಸರಿಸಿದಳು, ಮತ್ತೆ ಅದು ತಲೆಯೆತ್ತಿತು. ಹೀಗೆ ಮೂರು ಸಲ. ನಾಲ್ಕನೆಯ ಸಲ ಅದು ಪೂರ್ತಿ ಬಗ್ಗಿ ಮೇಯತೊಡಗಿದಾಗ ಟೋಪಿ ಬಿಟ್ಟು ಬಿಲ್ಲೆತ್ತಿದಳು, ಹೆದೆ ಎಳೆದು ಬರಿಗೆನ್ನೆಗೆ ತಂದಳು. ಪಿನ್ನು ಜಿಂಕೆಯ ಎದೆಯ ಮೇಲೆ ಅಲುಗದೆ ಕೂತಿತು. ಆ ಪಿನ್ನು ಸುಳ್ಳು ಹೇಳುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಉಣ್ಣೆ ಇಲ್ಲದ ಕೆನ್ನೆಯಿಂದ ಬಿಟ್ಟರೆ ಬಾಣ ಬಲಕ್ಕೆ ಅಂಗೈಯಗಲ ಸರಿಯುತ್ತದೆ. ಜಿಂಕೆ ಎಡಕ್ಕೆ ಮುಖ ಮಾಡಿ ನಿಂತಿತ್ತು. ಬಲಕ್ಕೆ ಎಂದರೆ ಹೊಟ್ಟೆ. ಹೊಟ್ಟೆಗೆ ಬಾಣ ಬಿದ್ದ ಜಿಂಕೆ ಕೂಡಲೇ ಸಾಯದೆ ಎಲ್ಲೆಲ್ಲೋ ಓಡುತ್ತದೆ.

ಹಿಡಿಯಲಾಗುವಷ್ಟು ಹೊತ್ತು ಹಿಡಿದಿದ್ದು, ಹೆದೆಯನ್ನು ಮೆಲ್ಲಗೆ ಇಳಿಸಿದಳು. ಜಿಂಕೆ ಅವಸರವಿಲ್ಲದೆ ಮೇಯುತ್ತಾ ಹೋಯಿತು. ಅದು ಮರೆಯಾದ ಮೇಲೆ ಇರ್ಯಾ ಟೋಪಿ ಹಾಕಿಕೊಂಡು ಕತ್ತಲಾಗುವವರೆಗೆ ಕೂತಳು. ಆಮೇಲೆ ಅಳಿಲು ಕೂಡ ಬರಲಿಲ್ಲ.

ತೌನೊನ ಅಡುಗೆಮನೆಯಲ್ಲಿ ಕಾಫಿ, ಏಲಕ್ಕಿ ಹಾಕಿದ ನಿಸು ಬ್ರೆಡ್ಡು ತಯಾರಿತ್ತು. ಅವಳು ಟೋಪಿಯನ್ನು ಮೇಜಿನ ಮೇಲೆ ಎಸೆದಳು. ತೌನೊ ಅದನ್ನು ನೋಡಿದ, ಅವಳನ್ನು ನೋಡಿದ.

"ಬಂತಾ?"

"ಬಂತು. ಟೋಪಿ ತೊಡೆ ಮೇಲಿತ್ತು."

ಅವನು ನಗಲಿಲ್ಲ. ನಕ್ಕಿದ್ದರೆ ಬೈಯಲು ಅವಳಿಗೆ ಅನುಕೂಲವಾಗುತ್ತಿತ್ತು. "ಅಂಗೈಯಗಲ ಬಿಟ್ಟು ಹಿಡಿದಿದ್ರೆ ಆಗ್ತಿರ್ಲಿಲ್ವಾ?" ಎಂದು ಕೇಳಿದ.

"ಆಗ್ತಿತ್ತೇನೋ. ಹೊಟ್ಟೆಗೆ ಬೀಳ್ತಿತ್ತೇನೋ. ಆಮೇಲೆ ಲಾಟೀನು ಹಿಡ್ಕೊಂಡು ಜೌಗಲ್ಲಿ ನೀನು ಹುಡುಕ್ತಿದ್ಯಾ?"

ತೌನೊ ಬಟ್ಟಲಿನಲ್ಲಿ ಬ್ರೆಡ್ಡು ಅದ್ದಿದ. ನಿಯಮ ಅಂದರೆ ಅಪ್ಪ ಕಾಫಿ ಕುಡಿಯುತ್ತಾ ಹೇಳಿದ ಮಾತು, ಇನ್ನೊಂದು ವರ್ಷ ನೋಡಬಹುದು, ಡ್ಯಾರಿಲ್‌ಗೆ ತಾನು ಹೇಳುತ್ತೇನೆ ಎಂದ.

"ಎಂಟು ವರ್ಷದ ಹಿಂದೆ ನಿನಗೆ ನಾನು ಹಾಗಂದ್ನೇನಣ್ಣ?"

"ನೀನೆಲ್ಲಿ ಅಂತೀಯ. ನಾನು ಏಣಿ ಇಳಿಯೋ ಮೊದಲೇ ನೀನು ಅರ್ಧ ಹತ್ತಿದ್ದೆ."

"ಮತ್ತೆ? ಅವನೂ ಹತ್ತಲಿ ಬಿಡು," ಎಂದು ಇರ್ಯಾ ಅಟ್ಟಣೆಯಿಂದ ಬೀಳದಂತೆ ಬಿಗಿದುಕೊಳ್ಳುವ ಪಟ್ಟಿ, ಕೊಕ್ಕೆಗಳನ್ನು ಚೀಲದಿಂದ ತೆಗೆದು ಡ್ಯಾರಿಲ್ ಕೂರುವ ಕುರ್ಚಿಯ ಮೇಲೆ ಇಟ್ಟಳು.

ಸುದ್ದಿ ಮುಟ್ಟಿದ ಸೈಮಿ ಚಿಕ್ಕಮ್ಮ ಫೋನಿನಲ್ಲಿ ಕಾರಣ ಕೇಳಿ ತಿಳಿದುಕೊಂಡಳು. ಬಲಗಿವಿಗೆ ಪಟ್ಟಿಯೇ ಇಲ್ಲದ ಹೊಸದೊಂದನ್ನು ಆಗಲೇ ಶುರು ಮಾಡಿದ್ದಾಳಂತೆ. ಗೋಡೆಗೆ ಹತ್ತನೆಯ ಮೊಳೆ ಹೊಡೆಯುವುದಿಲ್ಲ ಎಂದು ಇರ್ಯಾ ಹೇಳಿದಳು. ಚಿಕ್ಕಮ್ಮ ಬಣ್ಣ ಯಾವುದಿರಲಿ ಎಂದು ಕೇಳಿದಳು.

ಮರುದಿನ ಕೋವಿ ಬೇಟೆ ಶುರುವಾಯಿತು. ಆ ಹದಿನಾರು ದಿನ ಬೇಟೆಗೆ ಹೋಗುವವರೆಲ್ಲರೂ ಕಿತ್ತಳೆ ಬಣ್ಣ ತೊಡಬೇಕೆಂದು ಕಾನೂನಿದೆ. ಇರ್ಯಾ ಕಿತ್ತಳೆ ಟೋಪಿ ಹಾಕಿಕೊಂಡು, ಬೆಳಕು ಹರಿಯುವ ಮೊದಲು ಜೌಗಿನ ಅಂಚಿಗೆ ಹೋಗಿ ಕೂತಳು.