ಗಾಡಿಯಲ್ಲಿ ಮುಗಿದ ಕಾದಂಬರಿ

ಮೊನ್ನೆ ಮೊಮ್ಮಗಳು ಮಾರುಕಟ್ಟೆಯಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತಂದಳು. ಒಂದನ್ನು ಸುಲಿದು ನನ್ನ ಕೈಗೆ ಕೊಟ್ಟು ತಾನು ಫೋನು ಹಿಡಿದು ಕೂತಳು. ಗೆಳತಿಯರೆಲ್ಲ ಸೇರಿ ಪಂಥ ಕಟ್ಟಿದ್ದಾರಂತೆ. ಹಳೆಯ ಕಾಲದ ಪ್ರೇಮ ಕಾದಂಬರಿಗಳನ್ನೆಲ್ಲ ಈ ವರ್ಷ ಓದಿ ಮುಗಿಸಬೇಕಂತೆ. "ಭಾಳ ಕಷ್ಟ ಅದ ಅಜ್ಜಿ, ನಿನಗ ಗೊತ್ತಾಗಂಗಿಲ್ಲ" ಎಂದಳು. ನಾನು ಹಣ್ಣನ್ನು ಮೂಗಿನ ಹತ್ತಿರ ಹಿಡಿದೆ. ಈ ವಾಸನೆಗೆ ನನಗೆ ಪುಸ್ತಕದ ನೆನಪಾಗುತ್ತದೆ. ಹುಲ್ಲು, ಹೊಗೆ, ಹಣ್ಣು, ಹಳೆಯ ಕಾಗದ... ಮನಸ್ಸಿನಲ್ಲೇ ನಕ್ಕೆ. ಇವಳು ಸೋತರೆ ಗೆಳತಿಯರು ನಗುತ್ತಾರೆ, ಅಷ್ಟೆ. ನಾನು ಸೋತಿದ್ದರೆ ಹದಿಮೂರನೆಯ ವಯಸ್ಸಿಗೇ ಮದುವೆಯಾಗಿ ಹೋಗುತ್ತಿತ್ತು.

ಅದು ನಿಜಾಮರ ಆಡಳಿತದ ಕೊನೆಯ ವರ್ಷ. ಗುಲಬರ್ಗಾದಲ್ಲಿ ಸೋದರಮಾವನ ಮನೆಯಲ್ಲಿದ್ದು ಉರ್ದು ಶಾಲೆಯಲ್ಲಿ ಓದುತ್ತಿದ್ದೆ. ಗಲಾಟೆ ಹೆಚ್ಚಾಗಿ ಶಾಲೆ ಮುಚ್ಚಿದ್ದರಿಂದ ಕಮಲಾಪುರಕ್ಕೆ ಬಂದೆ. ಅಪ್ಪ ತೀರಿಕೊಂಡಿದ್ದರು, ಮನೆಯ ಯಜಮಾನಿಕೆ ದೊಡ್ಡಪ್ಪನದು. ಅವರು ನಂದೂರಿನ ಕಡೆಯ ಒಂದು ಗಂಡನ್ನು ಗೊತ್ತುಮಾಡಿ ಕೂತಿದ್ದರು.

ನಮಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯಾಕೆಯನ್ನು ಓಣಿಯೆಲ್ಲ ಖಾಲಾ ಎನ್ನುತ್ತಿತ್ತು, ಚಿಕ್ಕಮ್ಮ ಎಂದು. ಗಂಡ ಕೋರ್ಟಿನ ಕಾಗದಪತ್ರ ನೋಡುವ ಪೇಶಕಾರರಾಗಿದ್ದವರು, ಆಗಲೇ ತೀರಿಕೊಂಡಿದ್ದರು. ಮಕ್ಕಳೂ ಇರಲಿಲ್ಲ. ಎತ್ತರದ ಹೆಂಗಸು, ಸದಾ ಎಲೆ ಅಡಿಕೆ ಬಾಯಿ, ಯಾರಿಗೂ ಸೊಪ್ಪು ಹಾಕುವವರಲ್ಲ. ಅವರ ಮನೆಯಲ್ಲಿ ಒಂದು ಟ್ರಂಕು ತುಂಬ ದಪ್ಪ ದಪ್ಪ ಉರ್ದು ಪುಸ್ತಕಗಳಿದ್ದವು. ಕೋರ್ಟಿನ ಸಮನ್ಸು, ಹೊಲದ ಪಾವತಿ ಎಲ್ಲ ಆ ಲಿಪಿಯಲ್ಲೇ ಬರುತ್ತಿದ್ದ ಕಾಲ. ದಪ್ಪ ಉರ್ದು ಪುಸ್ತಕವೆಂದರೆ ಕಾನೂನು ಎಂದೇ ಊರಿನ ನಂಬಿಕೆ. ಅದೂ ಪೇಶಕಾರರ ಮನೆಯದ್ದು. ದೊಡ್ಡಪ್ಪ ಆ ಟ್ರಂಕನ್ನು ಕಂಡರೆ ತಲೆಯ ಪಟಗ ಸರಿಮಾಡಿಕೊಳ್ಳುತ್ತಿದ್ದರು.

ಶಾಲೆ ತೆರೆದ ಮೇಲೆ ನನ್ನನ್ನು ಮತ್ತೆ ಕಳಿಸಬೇಕೆಂದು ಅವ್ವ ಒಂದು ದಿನ ಬಾಯಿ ಬಿಟ್ಟಳು. ಕಟ್ಟೆಯ ಮೇಲೆ ನಾಲ್ಕು ಜನರೊಂದಿಗೆ ಕೂತಿದ್ದ ದೊಡ್ಡಪ್ಪನಿಗೆ ಸಿಟ್ಟು ಬಂತು. "ಇಷ್ಟು ವರ್ಷ ಸಾಲಿ ಓದಿ ಏನು ಕಲ್ತಾಳ? ಖಾಲಾನ ಟ್ರಂಕಿನಾಗಿನ ದಪ್ಪ ಪುಸ್ತಕ ಓದ್ಲಾಕ ಬರ್ತದೇನು ಇಕಿಗೆ? ಅವಷ್ಟೂ ಓದಿ ಕನ್ನಡದಾಗ ಹೇಳ್ಲಿ, ನಾನೇ ಗಾಡಿ ಕಟ್ಟಿ ಗುಲಬರ್ಗಾಕ್ಕ ಬಿಟ್ಟು ಬರ್ತೀನಿ. ಇಲ್ಲಾಂದ್ರ ದೀಪಾವಳಿ ಆದ ಮ್ಯಾಲ ಲಗ್ನದ ಅಕ್ಕಿಕಾಳು."

ಗೋಡೆಯ ಆಚೆಯಿಂದ ಖಾಲಾನ ದನಿ ಬಂತು. "ಮಂಜೂರ್ ಅದ ಅಣ್ಣಾವ್ರ. ಮಾತು ಕೊಟ್ಟೀರಿ, ಕುಂತ ಮಂದಿ ಕೇಳ್ಯಾರ."

ಮರುದಿನ ಮಧ್ಯಾಹ್ನವೇ ಶುರುವಾಯಿತು. ಖಾಲಾನ ಪಡಸಾಲೆಯಲ್ಲಿ ಅವ್ವ, ದೊಡ್ಡಮ್ಮ, ಓಣಿಯ ಇನ್ನೂ ಕೆಲವರು ಮೊರ ಹಿಡಿದು ತೊಗರಿಬೇಳೆ ಆರಿಸುತ್ತ ಕೂತರು. ಮೊದಲ ಪುಟದಲ್ಲೇ ಒಬ್ಬ ನವಾಬನ ಮಗ ಮಾಳಿಗೆಯ ಮೇಲಿನ ಹುಡುಗಿಯನ್ನು ಕಂಡು ದಾರಿ ತಪ್ಪಿದ್ದ. ನನಗೆ ಕಿವಿ ಬಿಸಿಯಾಯಿತು. "ಖಾಲಾ, ಇದು ಕಾನೂನಲ್ಲ" ಎಂದೆ. "ನನಗ ಗೊತ್ತದ. ಸಣ್ಣ ದನಿಲೆ ಓದು" ಎಂದು ಅವರು ಇನ್ನೊಂದು ಎಲೆ ಬಾಯಿಗೆ ಹಾಕಿಕೊಂಡರು. ಟ್ರಂಕಿನಲ್ಲಿದ್ದವೆಲ್ಲ ಅಂಥವೇ. ತಮ್ಮ ಕಾಲದಲ್ಲಿ ಹೆಸರಾದ ಪ್ರೇಮ ಕಾದಂಬರಿಗಳು. ಪೇಶಕಾರರು ಹೆಂಡತಿಗೆಂದು ಹೈದರಾಬಾದಿನಿಂದ ತಂದುಕೊಟ್ಟವು.

ಸುಲಭವಿರಲಿಲ್ಲ. ಫಾರಸಿ ಶಬ್ದ ಬಂದಾಗಲೆಲ್ಲ ನಾನು ಮುಗ್ಗರಿಸುತ್ತಿದ್ದೆ, ಖಾಲಾ ಬೈಯುತ್ತಿದ್ದರು. ತಪ್ಪಾಗಿ ಹೇಳಿದ ಪುಟವನ್ನು ಮತ್ತೆ ಓದಿಸುತ್ತಿದ್ದರು. ಆದರೆ ಹೆಂಗಸರಿಗೆ ಮಾತ್ರ ಹಬ್ಬ. ವಿರಹ ಬಂದರೆ ಮೊರದ ಬೇಳೆ ಹಾಗೇ ಉಳಿಯುತ್ತಿತ್ತು. ಒಮ್ಮೆ ದೊಡ್ಡಮ್ಮ ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬಂದಳು. ಕಾನೂನು ಕೇಳಿ ಅಳುವುದೇಕೆಂದು ದೊಡ್ಡಪ್ಪ ಕೇಳಿದರೆ, "ಆಸ್ತಿ ಹೋದವರ ಸಂಕಟ ಅದ್ರೀ ಅದರಾಗ" ಎಂದಳು. ದೊಡ್ಡಪ್ಪ ಗಂಭೀರವಾಗಿ ತಲೆಯಾಡಿಸಿದರು.

ಟ್ರಂಕು ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮನ ಆಡಳಿತ ಮುಗಿಯಿತು. ಅಲ್ಲಿಯವರೆಗೆ ನಿಜಾಮನ ಕಡೆಯ ರಜಾಕಾರರ ಭಯಕ್ಕೆ ನಾವು ಬಾಗಿಲು ಹಾಕಿಕೊಳ್ಳುತ್ತಿದ್ದೆವು, ಆಮೇಲೆ ಖಾಲಾನಂಥವರು ಹಾಕಿಕೊಂಡರು. ಭಯ ಮನೆ ಬದಲಿಸಿತು. ಸುತ್ತಲ ಊರುಗಳಿಂದ ಬರುತ್ತಿದ್ದ ಸುದ್ದಿಗಳನ್ನು ಈಗ ಬರೆಯಲು ಮನಸ್ಸಿಲ್ಲ... ಆ ಲಿಪಿಯ ಕಾಗದ ಕಂಡರೂ ಬೆಂಕಿಗೆ ಹಾಕುತ್ತಿದ್ದರು. ಅವ್ವ ಗೋಡೆಯ ಮೇಲಿಂದಲೇ ಟ್ರಂಕನ್ನು ಇಳಿಸಿಕೊಂಡು ನಮ್ಮ ಬಾಳೆಯ ಕೋಣೆಯಲ್ಲಿ ಹುಲ್ಲಿನಡಿ ಇಟ್ಟಳು. ಮೇಲೆ ಗೊನೆ ಜೋಡಿಸಿ, ಹೊಗೆ ಹಾಕಿ, ಬಾಗಿಲಿನ ಸಂದಿಗೆ ಕೆಸರು ಮೆತ್ತಿದಳು. ಹಾಗೆ ಹಣ್ಣಿಗೆ ಹಾಕಿದ ಕೋಣೆಯನ್ನು ನಡುವೆ ತೆರೆದರೆ ಬಾಳೆಯೆಲ್ಲ ಕೆಡುತ್ತದೆ. ಕಮಲಾಪುರದವರು ಯಾರೂ ತೆರೆ ಎಂದು ಕೇಳುವುದಿಲ್ಲ.

ಖಾಲಾ ನಮ್ಮ ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು ರೊಟ್ಟಿ ಬಡಿದರು. ಅವರನ್ನು ಹುಡುಕಿಕೊಂಡು ಬಂದವರೆದುರು ದೊಡ್ಡಪ್ಪ ಬಡಿಗೆ ಹಿಡಿದು ಹೊಸ್ತಿಲಲ್ಲಿ ಕೂತಿದ್ದರು. "ಒಳಗ ನಮ್ಮ ಮನಿ ಹೆಣ್ಮಕ್ಕಳ ಹೊರತು ಯಾರೂ ಇಲ್ಲ" ಎಂದರು. ಬಂದವರು ಹೋದರು. ದೊಡ್ಡಪ್ಪನ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಆ ಒಂದು ಮಾತಿಗೆ ಇಂದಿಗೂ ಕೈ ಮುಗಿಯುತ್ತೇನೆ.

ಗಲಾಟೆ ತಣ್ಣಗಾಯಿತು. ದೊಡ್ಡಪ್ಪ ಮದುವೆಯ ಮಾತು ತೆಗೆದರು. ನಿಜಾಮನೇ ಹೋದ ಮೇಲೆ ಆ ಲಿಪಿ ಯಾರಿಗೆ ಬೇಕು, ಪಂಥವೂ ಮುಗಿಯಿತು ಎಂದು ಕಟ್ಟೆಯ ಮೇಲೆ ಹೇಳಿಬಿಟ್ಟರು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ಖಾಲಾ ಆಗ ಅಡುಗೆಮನೆಯಿಂದ ಎದ್ದು ಹೋದರು. ಅವರನ್ನು ಕರೆದೊಯ್ಯಬೇಕಿದ್ದ ತಮ್ಮ ಹೈದರಾಬಾದಿನಿಂದ ಇನ್ನೂ ಬಂದಿರಲಿಲ್ಲ. ಊರಿನಲ್ಲಿ ಅವರಿಗಿದ್ದ ನೆರಳು ದೊಡ್ಡಪ್ಪ ಒಬ್ಬರೇ. ಅದು ಗೊತ್ತಿದ್ದೂ ಕಟ್ಟೆಯ ಮುಂದೆ ನಿಂತರು.

"ಜೀವ ಉಳಿಸೀರಿ ಅಣ್ಣಾವ್ರ, ಸಾಯೋ ತನಕ ನೆನಸ್ತೀನಿ. ರಾಜ್ಯ ಹೋಗ್ಯದ, ಖರೆ. ನೀವು ಕೊಟ್ಟ ಮಾತೂ ಅದರ ಸಂಗಡ ಹೋಗ್ಯದೇನು?"

ಉಂಡ ಮನೆಯ ಜಂತೆ ಎಣಿಸುವ ಹೆಂಗಸು ಎಂದು ಕೂತವರೊಬ್ಬರು ಗೊಣಗಿದರು. ಖಾಲಾ ಅತ್ತ ತಿರುಗಲೂ ಇಲ್ಲ. ದೊಡ್ಡಪ್ಪ ನನ್ನ ಕಡೆ ತಿರುಗಿ, ಇನ್ನೂ ಎಷ್ಟು ಪುಸ್ತಕ ಉಳಿದಿವೆ ಎಂದು ಕೇಳಿದರು. ಒಂದು ಎಂದೆ. "ನನ್ನ ಮುಂದ ಓದು" ಎಂದರು.

ಬಾಳೆಯ ಕೋಣೆ ತೆರೆದು ಪುಸ್ತಕ ತಂದೆ. ಹಾಳೆ ಹಾಳೆಗೂ ಹಣ್ಣಿನ ವಾಸನೆ. ಒಂದೆರಡು ಪುಟವಾಗುವುದರೊಳಗೆ ದೊಡ್ಡಪ್ಪನ ಹುಬ್ಬು ಮೇಲೇರಿತು. ಇದರಲ್ಲಿ ಕಾನೂನು ಎಲ್ಲಿದೆ, ಎಲ್ಲರೂ ಸೇರಿ ನನಗೆ ಮೋಸ ಮಾಡಿದಿರಿ ಎಂದರು. ಖಾಲಾ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಅವರ ಮುಂದೆ ಹಿಡಿದರು. "ನೀವು ದಪ್ಪ ಪುಸ್ತಕ ಅಂದಿದ್ರಿ. ಇದು ದಪ್ಪ ಇಲ್ಲೇನ್ರೀ?"

ದೊಡ್ಡಪ್ಪ ಎದ್ದು ಹೋಗಲಿಲ್ಲ. ಕಥೆ ಹಿಡಿದುಕೊಂಡಿತ್ತು. ಪುಸ್ತಕದ ಹುಡುಗಿಯನ್ನು ಕೇಳದೆ ಅವಳ ಅಪ್ಪ ಮದುವೆ ಗೊತ್ತುಮಾಡಿದ್ದ, ಮನೆ ಮುಂದೆ ದಿಬ್ಬಣ ಬಂದಿತ್ತು. ಮುಂದೆ ಏನಾಯಿತು ಎಂಬಂತೆ ದೊಡ್ಡಪ್ಪ ಬಾಗಿದರು. ಅದೇನು ಧೈರ್ಯ ಬಂತೋ, ನಾನು ಪುಸ್ತಕ ಮುಚ್ಚಿದೆ. "ಉಳಿದದ್ದು ಗಾಡಿಯಾಗ ಓದ್ತೀನಿ ದೊಡ್ಡಪ್ಪ" ಎಂದೆ.

ಎರಡು ದಿನ ಬಿಟ್ಟು, ಖಾಲಾನ ತಮ್ಮ ಗುಲಬರ್ಗಾ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆಂದು ಸುದ್ದಿ ಬಂತು. ಅದರ ಮರುದಿನ ಬೆಳಿಗ್ಗೆ ದೊಡ್ಡಪ್ಪ ಗಾಡಿ ಕಟ್ಟಿದರು. ಖಾಲಾನ ಟ್ರಂಕಿನ ಪಕ್ಕ ನನ್ನ ಬಟ್ಟೆಯ ಗಂಟನ್ನೂ ತಾವೇ ತಂದಿಟ್ಟರು. ಊರು ದಾಟಿದ ಮೇಲೆ, "ಹೂಂ, ಓದು" ಎಂದರು.

ದಾರಿಯುದ್ದಕ್ಕೂ ಓದಿದೆ. ಕೊನೆಯ ಪುಟಗಳಿಗೆ ಬಂದೆ. ಪುಸ್ತಕದಲ್ಲಿ ಆ ಹುಡುಗಿ ಕೊರಗಿ ಕೊರಗಿ ಸತ್ತುಹೋಗುತ್ತಾಳೆ. ನಾನು ಉರ್ದುವಿನ ಮೇಲೆ ಬೆರಳಾಡಿಸುತ್ತ ಕನ್ನಡದಲ್ಲಿ ಅವಳನ್ನು ಬದುಕಿಸಿದೆ. ದಿಬ್ಬಣವನ್ನು ವಾಪಸು ಕಳಿಸಿದೆ. ಖಾಲಾ ನನ್ನ ಮುಖವನ್ನೇ ನೋಡುತ್ತಿದ್ದರು. ತಪ್ಪು ಹೇಳಿದರೆ ಪುಟ ಮತ್ತೆ ಓದಿಸುತ್ತಿದ್ದವರು ಅಂದು ಸುಮ್ಮನಿದ್ದರು. ಕಪನೂರ ದಾಟುವಾಗ ದೊಡ್ಡಪ್ಪ ಎತ್ತುಗಳಿಗೆ ಹೇಳುವಂತೆ, "ಅವರಪ್ಪ ಮೊದಲೇ ಒಂದು ಮಾತು ಕೇಳಬೇಕಿತ್ತು" ಎಂದರು.

ಸ್ಟೇಷನ್ನಿನಲ್ಲಿ ಖಾಲಾ ಆ ಪುಸ್ತಕವನ್ನು ನನ್ನ ಗಂಟಿನೊಳಗೆ ತುರುಕಿದರು. "ನಿನ್ನ ಕನ್ನಡ ಇದರ ಉರ್ದುಕ್ಕಿಂತ ಛಲೋ ಅದ" ಎಂದು ಕೆನ್ನೆ ಹಿಂಡಿ ರೈಲು ಹತ್ತಿದರು. ಮತ್ತೆ ನೋಡಲಿಲ್ಲ. ಶಾಲೆ ಕನ್ನಡಕ್ಕೆ ತಿರುಗಿತು, ನಾನು ಓದಿ ಟೀಚರಾದೆ. ಮುಂದೆ ಹೈದರಾಬಾದಿಗೆ ಹೋದಾಗ ಹುಡುಕಬೇಕೆಂದುಕೊಂಡೆ. ಏನೆಂದು ಕೇಳುವುದು? ಆ ಊರಿನಲ್ಲಿ ಮನೆಗೊಬ್ಬ ಖಾಲಾ. ಅವರ ಹೆಸರನ್ನು ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ...

ಇದನ್ನೆಲ್ಲ ನಾನು ಹೇಳಿ ಮುಗಿಸುವ ಹೊತ್ತಿಗೆ ಮೊಮ್ಮಗಳು ಫೋನು ಬದಿಗಿಟ್ಟಿದ್ದಳು. ಒಳಗಿನಿಂದ ಪುಸ್ತಕ ತಂದು ತೋರಿಸಿದೆ. ಈಗ ಅದಕ್ಕೆ ಹಣ್ಣಿನ ವಾಸನೆ ಇಲ್ಲ, ಬರೀ ಧೂಳು. ನನ್ನ ಕಣ್ಣಿಗೆ ಅಕ್ಷರ ಹತ್ತುವುದಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಆ ಲಿಪಿ ಬಾರದು. ಅದರ ನಿಜವಾದ ಕೊನೆ ಗೊತ್ತಿದ್ದ ಇನ್ನೊಬ್ಬರು ಎಲ್ಲಿ ಮಣ್ಣಾದರೋ. ಅವಳು ಕೊನೆಯ ಪುಟ ತಿರುಗಿಸಿ, "ಇದರಾಗ ಆ ಹುಡುಗಿ ಖರೇ ಏನಾದ್ಳು ಅಜ್ಜಿ?" ಎಂದು ಕೇಳಿದಳು.

"ಸಾಲಿಗಿ ಹೋದ್ಳು" ಎಂದೆ.