ಹಸಿರು ಉಪ್ಪು, ಬರಿಗೈ

ನನ್ನ ಕೈ ಮೇಲೆ ಆಸಿಡ್ ಬಿತ್ತು ಎಂದು ನಮ್ಮೂರು ಡಫಳಾಪುರದಲ್ಲಿ ಈಗಲೂ ಹೇಳುತ್ತಾರೆ. ಬಿದ್ದಿಲ್ಲ. ಏನೂ ಚೆಲ್ಲಲಿಲ್ಲ, ಏನೂ ಒಡೆಯಲಿಲ್ಲ, ಯಾರೂ ಕಿರುಚಲಿಲ್ಲ. “ಮಾರಿ ಮ್ಯಾಲರ ಬೀಳಲಿಲ್ಲಲ್ಲ ರೆಹಾನಾ, ಪುಣ್ಯಾ” ಎಂದು ಪಕ್ಕದ ಮನೆಯ ಚಾಚಿ ಸಮಾಧಾನ ಹೇಳಿದಾಗಲೆಲ್ಲ ನಾನು ಕೇಳುತ್ತೇನೆ: ಆಸಿಡ್ ಬಿದ್ದರೆ ಬಿದ್ದ ಕಡೆ ಸುಡಬೇಕು, ಎರಡೂ ಕೈಗೆ ಒಂದೇ ಸಮ ಗುಳ್ಳೆ ಹೇಗೆ ಬಂತು? ಕಿವಿಗೆ ಹೇಗೆ ಬಂತು? ಚಾಚಿಗೆ ಬೇಸರವಾಗುತ್ತದೆ. “ಇಷ್ಟ ವಾದಾ ಮಾಡ್ತಿ ಅಂತನ ನಿಂಗ ಹಿಂಗಾಗೇತಿ ನೋಡ.”

ಚಾಚಿಯ ಈ ಎರಡನೆಯ ಮಾತನ್ನು ಮಾತ್ರ ನಾನು ಪೂರ್ತಿ ತಳ್ಳಿಹಾಕಲಾರೆ.

ಬಿ.ಎಸ್ಸಿ. ಕೊನೆಯ ವರ್ಷ, ಮಳೆಗಾಲ ಮುಗಿಯುತ್ತಿದ್ದ ದಿನಗಳು. ಜತ್ತಿನ ಕಾಲೇಜಿನಿಂದ ಬಸ್ಸಿನಲ್ಲಿ ಮರಳುವಾಗ ಬೆರಳ ಸಂದಿಯಲ್ಲಿ ತುರಿಕೆ ಶುರುವಾಯಿತು. ಮರುದಿನ ಚರ್ಮದೊಳಗೆ ನೆನೆದ ಸಾಬುದಾಣಿಯಂಥ ಸಣ್ಣ ಗುಳ್ಳೆಗಳು. ಒಡೆದವು. ನೀರು ಸೋರಿತು. ಒಣಗಿತು. ಒಣಗಿದ ಚರ್ಮ ಸೀಳಿತು. ರೊಟ್ಟಿ ಮುರಿಯಲಾಗಲಿಲ್ಲ, ಬಸ್ಸಿನ ಸರಳು ಹಿಡಿಯಲಾಗಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ತೊಡೆಯ ಕೆಳಗೆ ಒತ್ತಿ ಕೂರುತ್ತಿದ್ದೆ, ಎದ್ದು ಅಡ್ಡಾಡುತ್ತಿದ್ದೆ, ಮತ್ತೆ ಕೂರುತ್ತಿದ್ದೆ.

“ಇಷ್ಟ ದಿನಾ ಬಾಯಿ ಒಂದ ಸುಮ್ಮನಿರತಿರಲಿಲ್ಲ, ಈಗ ಕೈನೂ ಕಲತಾವು” ಎಂದಳು ಅಮ್ಮಿ, ಬೇವಿನ ಎಲೆ ಅರೆಯುತ್ತ.

ನನ್ನ ಅಬ್ಬಾ ಪಾತ್ರೆಗಳಿಗೆ ಕಲಾಯಿ ಹಾಕುವವರು. ತಾಮ್ರದ ಹಂಡೆಯೊಳಗೆ ಮರಳು ಸುರಿದು, ಬರಿಗಾಲಲ್ಲಿ ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸುತ್ತ ಉಜ್ಜುತ್ತಾರೆ. ಆಮೇಲೆ ಕಾಸಿ, ನವಸಾಗರದ ಪುಡಿ ಚಿಮುಕಿಸಿ, ತವರ ಮುಟ್ಟಿಸಿ, ಅರಳೆಯ ಒಂದೇ ಬೀಸಿಗೆ ಒಳಗೆಲ್ಲ ಬೆಳ್ಳಿಯ ಬಣ್ಣ ತರುತ್ತಾರೆ. ಪಾತ್ರೆ ಶುದ್ಧವಾಯಿತೋ ಇಲ್ಲವೋ ಎಂದು ಅವರು ನೋಡುವುದಿಲ್ಲ, ಬೆರಳಿನಿಂದ ಸವರುತ್ತಾರೆ. “ಕಣ್ಣ ಸುಳ್ಳ ಹೇಳತಾವ ಬೇಟಾ, ಬೆರಳ ಹೇಳೂದಿಲ್ಲ.” ಬಟ್ಟೆ ಸುತ್ತಿಕೊಂಡು ಲೋಹ ಮುಟ್ಟುವವನನ್ನು ನಮ್ಮ ಮನೆಯಲ್ಲಿ ಕಾರೀಗರ ಎನ್ನುವುದಿಲ್ಲ.

ನಾನು ಈ ಬೆರಳನ್ನೇ ಪ್ರಯೋಗಾಲಯಕ್ಕೆ ಒಯ್ದೆ.

ಆ ವರ್ಷ ನಮಗೆ ನಿಕಲ್ ಅಳೆಯುವ ಪ್ರಯೋಗವಿತ್ತು. ನಿಕಲ್ ಸಲ್ಫೇಟ್ ನೋಡಲು ಚಂದ: ನೀಲಿ ಬೆರೆತ ಹಸಿರು ಹರಳು, ಒರಟು ಸಕ್ಕರೆಯ ಹಾಗೆ. ನೀರಿಗೆ ಹಾಕಿದರೆ ತಿಳಿಹಸಿರು, ಅಮೋನಿಯಾ ಹನಿಸಿದರೆ ನೀಲಿ, ಮುಂದೆ ಡಿ.ಎಂ.ಜಿ. ಎಂಬ ದ್ರಾವಣ ಸೇರಿಸಿದೊಡನೆ ಗುಲಾಬಿಗೆಂಪಿನ ಗಷ್ಟು. ಆ ಕೆಂಪು ಗಾಜಿಗೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ನಾನು ಬೆರಳು ಒಳಗಿಳಿಸಿ, ಅಬ್ಬಾನ ಹಾಗೆ ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದೆ. ಇಡೀ ಬ್ಯಾಚಿನಲ್ಲಿ ನನ್ನ ಬೀಕರಿನಷ್ಟು ಸ್ವಚ್ಛ ಬೀಕರು ಇರಲಿಲ್ಲ.

ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಸನಮಡಿಯ ಸುನಂದಾ. ಕುರಿ ಕಾಯುವವರ ಮನೆಯವಳು, ಮಾತು ಕಡಿಮೆ, ಏನು ಕಂಡರೂ ಓದುವವಳು. ಮೊದಲ ವಾರವೇ ಅವಳು ಬಾಟಲಿಯ ಲೇಬಲ್ ಓದಿ ಕೆಮಿಸ್ಟ್ರಿ ಸರ್‌ಗೆ ಹೇಳಿದಳು: “ಸರ್, ಚರ್ಮಕ್ಕ ತಾಗಿಸಬ್ಯಾಡ್ರಿ, ಧೂಳ ಉಸರಿನ್ಯಾಗ ಎಳೀಬ್ಯಾಡ್ರಿ ಅಂತ ಬರದಾರ್ರಿ. ಕಪಾಟಿನ್ಯಾಗಿನ ಗ್ಲೋವ್ಸ್ ಕೊಡ್ರಿ.”

ಗಾಜಿನ ಕಪಾಟಿನಲ್ಲಿ ಒಂದೇ ಜೊತೆ ರಬ್ಬರ್ ಗ್ಲೋವ್ಸ್ ಇತ್ತು. ತಪಾಸಣೆಗೆ ಕಮಿಟಿ ಬಂದಾಗ ಕಾಣಿಸಲೆಂದು ಇಟ್ಟದ್ದು. ಸರ್ ಕೀಲಿಗಾಗಿ ಜೇಬು ತಡಕಿದರು.

ಅಲ್ಲಿ ನಾನು ಬಾಯಿ ಹಾಕಿದೆ. ಆ ವರ್ಷ ಅಂಧಶ್ರದ್ಧೆಯ ವಿರುದ್ಧ ಮಾತಾಡಿ ಚರ್ಚಾಸ್ಪರ್ಧೆ ಗೆದ್ದು ಬಂದಿದ್ದೆ. ಅಂಜಿಕೆ ಕಂಡಲ್ಲೆಲ್ಲ ಎದ್ದು ನಿಲ್ಲುವ ಚಟ. ಪರ್ಸಿನಿಂದ ಹಳೆಯ ದಪ್ಪ ರೂಪಾಯಿ ತೆಗೆದು ಎತ್ತಿ ಹಿಡಿದೆ. “ಇದರಾಗೂ ನಿಕಲ್ ಐತಿ. ದಿನಾ ಮುಟ್ಟತೀವಿ. ಯಾರರ ಸತ್ತಾರೇನು? ನಮ್ಮ ಅಬ್ಬಾ ಜನ್ಮಾ ಪೂರಾ ಲೋಹ ಮುಟ್ಯಾರ, ಅವರ ಕೈ ನೋಡ ಬಾ. ಲೇಬಲ್ ನೋಡಿ ಅಂಜೂದೂ ಒಂದ ಅಂಧಶ್ರದ್ಧಾನ, ಸುನಂದಾ.”

ಎಲ್ಲರೂ ನಕ್ಕರು. ಸರ್ ಚಪ್ಪಾಳೆ ತಟ್ಟಿದರು. ಕೀಲಿ ಜೇಬಿನಲ್ಲೇ ಉಳಿಯಿತು.

ಆ ವಾದ ಎಲ್ಲಿ ಮುರಿದಿತ್ತು ಎಂಬುದನ್ನು ಈಗ ನಿದ್ದೆಯಲ್ಲೂ ಹೇಳಬಲ್ಲೆ. ನಾಣ್ಯದಲ್ಲಿರುವುದು ಗಟ್ಟಿ ಲೋಹ, ಬೆವರು ಅದನ್ನು ಚೂರು ಚೂರೇ ಕರಗಿಸಬೇಕು. ಉಪ್ಪಿನ ದ್ರಾವಣದಲ್ಲಿ ನಿಕಲ್ ಆಗಲೇ ಕರಗಿ, ಚರ್ಮ ಹೊಗಲು ತಯಾರಾಗಿ ನಿಂತಿರುತ್ತದೆ. ಅಬ್ಬಾ ಮುಟ್ಟಿದ್ದು ತಾಮ್ರ, ತವರ. ಅದೂ ಒಬ್ಬ ಮನುಷ್ಯನ ಎರಡು ಕೈ! ಎದುರಾಳಿ ಇಂಥ ಪುರಾವೆ ತಂದಿದ್ದರೆ ನಾನು ಬಿಡುತ್ತಿದ್ದೆನೇ? ಗಟ್ಟಿಯಾದ ಹರಳನ್ನು ಖಲಬತ್ತಿನಲ್ಲಿ ಕುಟ್ಟಿ ಪುಡಿ ಮಾಡಿದಾಗ ಗಂಟಲು ಕೆರೆದದ್ದೂ ನೆನಪಿದೆ. ಆ ಧೂಳು ಎದೆಗೆ ಹೋಗುವುದು ಚರ್ಮಕ್ಕೆ ತಾಗುವುದಕ್ಕಿಂತ ಕೆಟ್ಟದ್ದು, ವರ್ಷಗಟ್ಟಲೆ ಹೋದರೆ ಕ್ಯಾನ್ಸರಿನವರೆಗೂ ಒಯ್ಯಬಹುದು ಎಂದು ಆಮೇಲೆ ಓದಿದೆ.

ದೀಪಾವಳಿ ರಜೆಯಲ್ಲಿ ಕೈ ವಾಸಿಯಾಯಿತು. ಅಮ್ಮಿ ಬೇವಿಗೆ ಸಲಾಮು ಹೇಳಿದಳು. ಕಾಲೇಜು ತೆರೆಯಿತು, ಪ್ರಯೋಗ ನಡೆಯಿತು, ಮೂರನೆಯ ದಿನಕ್ಕೆ ಗುಳ್ಳೆಗಳು ಮರಳಿದವು. ಈ ಸಲ ಕಿವಿಯ ರಿಂಗಿನ ಸುತ್ತ, ಓಢಣಿಗೆ ಪಿನ್ನು ಚುಚ್ಚುವ ಭುಜದ ಮೇಲೆ ಕೂಡ. ಆ ಕೈಯಲ್ಲೇ ಕಣ್ಣು ಉಜ್ಜಿಕೊಂಡಿದ್ದೆ.

ಬೆಳಿಗ್ಗೆ ಎಡಗಣ್ಣು ತೆರೆಯಲಿಲ್ಲ.

ಅಬ್ಬಾ ಅಂಗಡಿ ಮುಚ್ಚಿ ಮಿರಜಿಗೆ ಕರೆದೊಯ್ದರು. ಸ್ಕಿನ್ ಡಾಕ್ಟರು ವಯಸ್ಸಾದ ಹೆಂಗಸು. ಕೈ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು.

“ರಜಾದಾಗ ಕಮ್ಮಿ ಆಗತದೇನು?”

ಅಷ್ಟು ಚಿಕ್ಕ ಪ್ರಶ್ನೆ. ನನಗೇ ಹೊಳೆದಿರಲಿಲ್ಲ.

ಬೆನ್ನಿನ ಮೇಲೆ ಸಾಲಾಗಿ ಪಟ್ಟಿ ಅಂಟಿಸಿದರು. ಪ್ಯಾಚ್ ಟೆಸ್ಟ್, ಯಾವ ವಸ್ತು ಮೈಗೆ ಒಗ್ಗುವುದಿಲ್ಲ ಎಂದು ನೋಡುವ ಪರೀಕ್ಷೆ. ಎರಡು ದಿನ ಸ್ನಾನವಿಲ್ಲ, ಬೆನ್ನು ಕೆರೆಯುವಂತಿಲ್ಲ. ಮಿರಜಿನಲ್ಲಿದ್ದ ಸೋದರತ್ತೆ, ಫೂಫಿಯ ಮನೆಯಲ್ಲಿ ಮಲಗಲಾರದೆ, ಕೂರಲಾರದೆ ಉಳಿದೆ. ಪಟ್ಟಿ ತೆಗೆದಾಗ ಒಂದೇ ಜಾಗ ಕೆಂಪಗೆ ಉಬ್ಬಿತ್ತು.

“ಇಲ್ಲಿ ಏನ ಹಚ್ಚಿದ್ರಿ?” ಎಂದು ಕೇಳಿದೆ.

“ನಿಕಲ್ ಸಲ್ಫೇಟ್. ವ್ಯಾಸಲೀನ್‌ನ್ಯಾಗ ಕಲಿಸಿದ್ದು.”

ನಮ್ಮ ಕಪಾಟಿನ ಅದೇ ಹಸಿರು ಉಪ್ಪು.

“ಗಾಯ ವಾಸಿ ಆಗತದ. ಅಲರ್ಜಿ ಹೋಗೂದಿಲ್ಲ” ಎಂದರು ಡಾಕ್ಟರು. “ಮೈಗೆ ಒಮ್ಮೆ ಗುರ್ತು ಹತ್ತಿದ್ರ ಜನ್ಮಾ ಪೂರಾ ಮರಿಯೂದಿಲ್ಲ.”

ಊರಿಗೆ ಮರಳಿದೆವು. ಮಾರ್ಚಿನಲ್ಲಿ ಪ್ರ್ಯಾಕ್ಟಿಕಲ್ ಪರೀಕ್ಷೆ. ಚೀಟಿ ಎತ್ತಿ ಬಂದ ಪ್ರಯೋಗ ಮಾಡಬೇಕು. ಬಿಟ್ಟರೆ ನಾಪಾಸು, ಎಂ.ಎಸ್ಸಿ. ಎಂಬ ನನ್ನ ಕನಸು ಅಲ್ಲಿಗೇ ಮುಗಿಯಿತು. ಅಮ್ಮಿ “ಸಾಕ ಬಿಡ ಆ ಸಾಲಿ” ಎಂದಳು. ನಾನು ವಾದ ಮಾಡಲಿಲ್ಲ. ಅದನ್ನು ಕಂಡೇ ಅಬ್ಬಾ ಹೆದರಿದರು ಅಂತ ಕಾಣುತ್ತದೆ. “ಕಲಾಯಿಗಾರನ ಮಗಳು ಕೈಗೆ ಚೀಲಾ ಹಾಕ್ಕೋತಾಳ ಅಂತ ಮಂದಿ ನಗಲಿ ತಗೋ. ನೀ ಹೊಲದ ಕೊಡ” ಎಂದು ಅಮ್ಮಿಯ ಮುಂದೆ ತಮ್ಮ ಹಳೆಯ ಹತ್ತಿ ಬನಿಯನ್ ಇಟ್ಟರು. ಅಮ್ಮಿ ಅದರಲ್ಲಿ ಒಳಗವಸು ಹೊಲಿದಳು. ಕಾಲೇಜಿನ ಗ್ಲೋವ್ಸ್ ಕೇಳಿದೆ; ಸರ್ ಕಪಾಟು ತೆರೆದು ಎತ್ತಿದರೆ ಎರಡೂ ಒಂದಕ್ಕೊಂದು ಅಂಟಿ, ಹಪ್ಪಳದಂತೆ ಮುರಿದವು. ಹೊಸದನ್ನು ಮಿರಜಿನಿಂದ ತರಿಸಿದೆವು.

ಚೀಟಿ ಎತ್ತಿದೆ. ನಿಕಲ್.

ಹತ್ತಿಯ ಮೇಲೆ ರಬ್ಬರ್ ಹಾಕಿಕೊಂಡೆ. ಹರಳು ಕುಟ್ಟಲಿಲ್ಲ, ಹಾಗೆಯೇ ನೀರಲ್ಲಿ ಕರಗಿಸಿದೆ. ಮೇಜಿಗೆ ಬಿದ್ದ ಹನಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಉಳಿದ ದ್ರಾವಣವನ್ನು ಮೋರಿಗೆ ಚೆಲ್ಲದೆ ಬೇರೆ ಬಾಟಲಿಗೆ ಸುರಿದೆ. ಗ್ಲೋವ್ಸ್ ಬಿಚ್ಚಿದ ಮೇಲೂ ಸಾಬೂನು ಹಚ್ಚಿ ಕೈ ತೊಳೆದೆ. ಸುನಂದಾ ತನ್ನ ಜಾಗದಿಂದಲೇ ನೋಡಿ “ಅಂಧಶ್ರದ್ಧಾ ಭಾಳ ಆತ ನಿಂದ” ಎಂದು ನಕ್ಕಳು. ನನ್ನ ವಾದದಿಂದ ಅವಳೂ ವರ್ಷವಿಡೀ ಬರಿಗೈಯಲ್ಲೇ ಪ್ರಯೋಗ ಮಾಡಿದ್ದಳು; ಆದರೂ ಅವಳ ಕೈಗೆ ಏನೂ ಆಗಿಲ್ಲ. ಅದಕ್ಕೆ ನಾನು ಯಾರಿಗೆ ಕೃತಜ್ಞಳಾಗಿರಬೇಕೋ ಗೊತ್ತಿಲ್ಲ, ಆದರೆ ಆಗಿದ್ದೇನೆ.

ಪಾಸಾದೆ. ಕೈ ಈಗ ಮುಕ್ಕಾಲು ನನ್ನದು. ಅವುಗಳಲ್ಲೂ ನಿಕಲ್ ಇರುತ್ತದೆಂದು ರಿಂಗು ಬಿಟ್ಟೆ, ಪಿನ್ನು ಬಿಟ್ಟೆ, ಕೀಲಿಗೆ ದಾರ ಸುತ್ತಿದ್ದೇನೆ. ಎಂ.ಎಸ್ಸಿ. ಅರ್ಜಿ ಹಾಕಿದ್ದೇನೆ.

ಒಂದು ವಿಷಯ ಮಾತ್ರ ತುರಿಸುತ್ತಲೇ ಇದೆ. ಅಂಕಪಟ್ಟಿ ಕೊಡುವಾಗ ಸರ್ ಅವರ ಬೆರಳುಗಳನ್ನು ಹತ್ತಿರದಿಂದ ನೋಡಿದೆ. ತುದಿಗಳೆಲ್ಲ ಸೀಳಿ, ಎರಡಕ್ಕೆ ಪಟ್ಟಿ. ಮೂರು ವರ್ಷದಿಂದ ನೋಡುತ್ತಲೇ ಇದ್ದೆವು. ಕೇಳಿದವರಿಗೆ ಖಡುವಿನ, ಅಂದರೆ ಸೀಮೆಸುಣ್ಣದ ಧೂಳು, ಚಳಿ ಎನ್ನುತ್ತಿದ್ದರು. ಹೊರಗೆ ಬಿಸಿಲು ಸುಡುತ್ತಿತ್ತು. ನಾನು ಅಂಕಪಟ್ಟಿ ತೆಗೆದುಕೊಳ್ಳದೆ ನಿಂತೆ.

“ಸರ್, ದೀಪಾವಳಿ ರಜಾದಾಗ ನಿಮ್ಮ ಕೈ ಕಮ್ಮಿ ಆಗತಾವೇನ್ರಿ?”